ಅದಲುಬದಲಾದ ಚೀಟಿಗಳು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವನು ಇಲಿಮಾವ. ಹದಿನಾಲ್ಕು ವರ್ಷದಿಂದ ಬಿಳಿ ಇಲಿಗಳ ಗೂಡು ತೊಳೆದು, ಹೊಟ್ಟು ಬದಲಿಸಿ, ನೀರಿಟ್ಟವನು. "ಹೆತ್ತ ಮಕ್ಕಳು ಹುಟ್ಟಿದ ದಿನ ನೆನಪಿರಲ್ಲ, ಇಲಿಗಳದ್ದು ಮಾತ್ರ ಬಾಯಿಪಾಠ!" ಎಂದು ಹೆಂಡತಿ ರೇಗಿಸುವಳು. ಇಷ್ಟು ಗೇಯ್ದರೂ ಕೆಲಸ ಇನ್ನೂ ತಾತ್ಕಾಲಿಕವೇ. ಕಾಯಂ ಮಾಡುವ ಕಾಗದ ಈಗಷ್ಟೇ ಪ್ರಯೋಗಾಲಯ ನಡೆಸುವ ಮೇಡಂ ಮೇಜಿಗೆ ಬಂದಿತ್ತು, ರುಜುವೊಂದು ಬಾಕಿ.

ಮೇಡಂ ಆರು ವರ್ಷದಿಂದ ಮಲೇರಿಯಾ ಲಸಿಕೆಯ ಹಿಂದೆ ಬಿದ್ದಿದ್ದರು. ರೋಗಾಣುವಿನ ಪ್ರೋಟೀನಿನ ಒಂದು ಚೂರನ್ನಷ್ಟೇ ಯಂತ್ರದಲ್ಲಿ ಹೆಣೆದು ಇಲಿಗಳಿಗೆ ಚುಚ್ಚುವುದು. ಒಂದು ಗೂಡಿಗೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರು. ಆಮೇಲೆ ಎರಡಕ್ಕೂ ಮಲೇರಿಯಾ.

ಯಾವ ಇಲಿ ಯಾವ ಗೂಡಿನದೆಂಬ ಗುರುತಿಗೆ ಬಾಲದ ಮೇಲೆಳೆದ ಶಾಯಿಗೆರೆ ವಾರಕ್ಕೆಲ್ಲ ಅಳಿಸುತ್ತದೆ. ಗೂಡಿನ ಚೀಟಿ ನೋಡಿ ಮತ್ತೆ ಎಳೆಯುವುದು ಅವನದೇ ಕೆಲಸ. ಲಸಿಕೆ ಚುಚ್ಚಿದ ಮೇಲೆ ಒಮ್ಮೆ ಅವಸರಕ್ಕೆ ಚೀಟಿ ಕಿತ್ತಿಟ್ಟು ಎರಡೂ ಗೂಡು ಒಟ್ಟಿಗೆ ತೊಳೆದ. ರೋಗ ಹತ್ತಿಸಿದ ಮಾರನೆಯ ದಿನ ನೋಡುತ್ತಾನೆ, ಲಸಿಕೆ ಗೂಡಿನ ಕಿವಿ ಹರಿದ ಇಲಿ, ಅವನ ಕಿವಿಹರುಕಿ, ಉಪ್ಪುನೀರಿನ ಚೀಟಿಯಡಿ ಕೂತು ಮೀಸೆ ಒರೆಸಿಕೊಳ್ಳುತ್ತಿದೆ! ಅಂದರೆ ತೊಳೆದು ಸಿಕ್ಕಿಸುವಾಗ ಚೀಟಿಗಳು ಅದಲುಬದಲಾಗಿದ್ದವು. ಗೆರೆಗಳನ್ನೂ ತಪ್ಪಾಗಿಯೇ ಎಳೆದಾಗಿತ್ತು. ಮನೆಯಲ್ಲಿ ಹೇಳಿದರೆ ಹೆಂಡತಿ, "ಸುಮ್ಮನಿರಿ. ಮೊದಲು ರುಜು ಬೀಳ್ಲಿ, ಆಮೇಲೆ ಸತ್ಯವಂತ ಆಗೋರಂತೆ" ಎಂದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ಹತ್ತು ದಿನ ಕಳೆದ ಪುಣ್ಯಾತ್ಮ.

ಲಸಿಕೆಯ ಚೀಟಿಯಿದ್ದ ಇಲಿಗಳೆಲ್ಲ ಸತ್ತವು. ಉಪ್ಪುನೀರಿನವು ಜಿಗಿದಾಡುತ್ತಿದ್ದವು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು.

"ಆರು ವರ್ಷ ಮಣ್ಣುಪಾಲಾಯ್ತು ಮಾವ. ಇಲ್ಲಿಗೆ ಬಿಟ್ಟೆ. ಉಳಿದಿರೋವನ್ನೂ ಇವತ್ತೇ ಮುಗಿಸಿಬಿಡಿ."

ಲಸಿಕೆ ಗೆದ್ದಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಲಸಿಕೆಯ ಗುರುತು ರಕ್ತದಲ್ಲಿ ಉಳಿಯುವುದರಿಂದ ಈ ಇಲಿಗಳ ಒಂದು ಹನಿ ಪರೀಕ್ಷಿಸಿದರೂ ಸತ್ಯ ಹೊರಬೀಳುತ್ತಿತ್ತು, ಜೊತೆಗೆ ಅವನ ತಪ್ಪೂ. ಅನಿಲದ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಅತ್ತೂ ಬಿಟ್ಟ. ಕೊನೆಗೆ ತಿರುಪು ತಿರುಗಿಸಿದ. ಎಲ್ಲವನ್ನೂ ಚೀಲಕ್ಕೆ ತುಂಬಿ ಸುಡುವ ಒಲೆಗೆ ಹಾಕಿದ.

ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತ ಓಡಿ ಬಂದರು.

"ನಿಲ್ಸಿ ಮಾವ! ಗೂಡು ಏನಾದ್ರೂ ಅದಲುಬದಲಾಗಿದ್ರೆ? ರಕ್ತ ನೋಡಿದ್ರೆ ಗೊತ್ತಾಗುತ್ತೆ!"

"ಸುಟ್ಟಾಯ್ತು ಮೇಡಂ."

ಅವರು ಗೋಡೆಗೆ ಒರಗಿದರು. ಅವನ ಮಾತು ತುಟಿಯವರೆಗೆ ಬಂತು. ಅವನ ಮುಖ ನೋಡಿ ಮೇಡಂಗೇ ಕೆಡುಕೆನಿಸಿತು.

"ಛೆ, ಬೇಜಾರ್ ಮಾಡ್ಕೋಬೇಡಿ. ಏನೋ ಆಸೆಗೆ ಹಾಗಂದೆ. ಇಷ್ಟು ವರ್ಷದಲ್ಲಿ ನೀವು ಒಂದು ಚೀಟಿ ತಪ್ಪಿಸಿದವರಲ್ಲ ಅಂತ ನನಗೆ ಗೊತ್ತಿಲ್ವಾ?"

"ಹೂಂ ಮೇಡಂ," ಎಂದ.