ಭಾಗ್ಯಾಳ ಹೆಗಲ ಮೇಲೆ ಎರಡು ಬೆರಳು

ಹತ್ತು ವರ್ಷಗಳ ಹಿಂದೆ ನಾನು ಒಂದು ಮಗುವನ್ನು ಗಿಡ್ಡ ಮಾಡಿದೆ. ಹೊಡೆಯಲಿಲ್ಲ, ಬೈಯಲಿಲ್ಲ — ಅವಳ ಹೆಗಲ ಮೇಲೆ ಎರಡು ಬೆರಳು ಇಟ್ಟೆ, ಅಷ್ಟೆ. ಅವಳು ಮೊಣಕಾಲು ಬಗ್ಗಿಸಿದಳು. ನ್ಯಾಯವಾಗಿ ಅವಳದಾಗಿದ್ದ ಒಂದು ಆಟ ಅವಳಿಗೆ ತಪ್ಪಿತು. ಅವಳು ನನ್ನ ಗಂಡನ ಅಣ್ಣನ ಮಗಳು, ಭಾಗ್ಯಾ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾಗಿದ್ದರೆ ಬೆರಳು ಇಡುತ್ತಿದ್ದೆನೇ — ಈ ಪ್ರಶ್ನೆಗೆ ಉತ್ತರ ಗೊತ್ತಿದ್ದೇ ಇಷ್ಟು ವರ್ಷ ಸುಮ್ಮನಿದ್ದೆ.

ಧಾರವಾಡದಲ್ಲಿ ಎಂ.ಎ. ಓದುವಾಗ ದಿನಚರಿ ಬರೆಯುವ ಚಟ ಹತ್ತಿತು, ಇನ್ನೂ ಬಿಟ್ಟಿಲ್ಲ. ಅವತ್ತಿನ ಪುಟದಲ್ಲಿ ಕಟ್ಟಿಕೊಂಡು ಹೋದ ಚಪಾತಿಯಿಂದ ಹಿಡಿದು ಮಳೆ ಮೋಡದವರೆಗೆ ಎಲ್ಲ ಬರೆದಿದ್ದೇನೆ, ಬೆರಳಿನ ಸುದ್ದಿ ಮಾತ್ರ ಬರೆದಿಲ್ಲ. ಆದ್ದರಿಂದ ಇದು ನೆನಪಿನಿಂದ ಬರೆದದ್ದು. ನೆನಪು ಯಾವಾಗಲೂ ನನ್ನ ಕಡೆಯ ವಕೀಲ. ಓದುವವರು ಅದನ್ನು ಅಷ್ಟಾಗಿ ನಂಬಬಾರದು.

ನಮ್ಮದು ಬೈಲಹೊಂಗಲದಲ್ಲಿ ಕೂಡು ಮನೆ. ಅಣ್ಣತಮ್ಮ ಇಬ್ಬರೂ ಸೇರಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ನಡೆಸುತ್ತಾರೆ. ನನ್ನ ನೆಗೆಣ್ಣಿ ಶಾಂತಕ್ಕ, ಅಂದರೆ ಭಾಗ್ಯಾಳ ತಾಯಿ, ಮುಂದಿನ ಖೋಲಿಯಲ್ಲಿ ಮಶಿನ್ನು ಇಟ್ಟುಕೊಂಡು ಊರಿನ ಹೆಣ್ಣುಮಕ್ಕಳ ಜಂಪರು, ಪರಕಾರ ಹೊಲಿಯುತ್ತಾರೆ. ನನ್ನ ಮಗಳು ಪೂಜಾಗೆ ಆಗ ಹತ್ತು ವರ್ಷ, ಭಾಗ್ಯಾಗೆ ಎಂಟೂವರೆ, ನನ್ನ ಮಗ ಶಿವುಗೆ ನಾಲ್ಕು. ಇವರೆಲ್ಲರ ಮೇಲೆ ನಮ್ಮ ಅತ್ತೆ — ಮಕ್ಕಳು ಕರೆಯುವಂತೆ ಎಲ್ಲರಿಗೂ ಆಯಿ.

ಪೂಜಾ ನನ್ನ ಹಾಗೆ ಗಿಡ್ಡ. ಭಾಗ್ಯಾ ಮಾತ್ರ ಮಳೆಗಾಲದ ಜೋಳದ ಹಾಗೆ ಬೆಳೆಯುತ್ತಿದ್ದಳು. ಬಸ್ಸಿನಲ್ಲಿ ಅವಳಿಗೆ ಅರ್ಧ ಟಿಕೇಟು ಕೇಳಿದರೆ ಕಂಡಕ್ಟರ್ ನಂಬುತ್ತಿರಲಿಲ್ಲ.

“ಎಷ್ಟರೀ ಈಕೀ ವಯಸ್ಸು?”

“ಎಂಟೂವರಿ.”

“ಎಂಟೂವರಿ ವರ್ಷೇನ್ರಿ, ಎಂಟೂವರಿ ಫೂಟೇನ್ರಿ?”

ಈ ವಾದ ಸಾಕಾಗಿ ಮನೆಯಲ್ಲಿ ಒಂದು ಉಪಾಯ ಹುಟ್ಟಿತು. ಹುಟ್ಟಿಸಿದವರು ಆಯಿ. ದೊಡ್ಡವರು ಹೆಗಲ ಮೇಲೆ ಎರಡು ಬೆರಳು ಇಟ್ಟರೆ ಭಾಗ್ಯಾ ಪರಕಾರದೊಳಗೆ ಮೊಣಕಾಲು ಬಗ್ಗಿಸಬೇಕು. ಪರಕಾರ ಎಂದರೆ ಕಾಲು ಮುಚ್ಚುವ ಉದ್ದ ಲಂಗ — ಬಗ್ಗಿದ್ದು ಯಾರಿಗೂ ಕಾಣದು. ಮುಖದಲ್ಲಿ ನಗು ಬರದ ಹಾಗೆ ಅವಳು ಗಲ್ಲ ಕಚ್ಚಿ ಹಿಡಿಯುತ್ತಿದ್ದಳು. ನಮಗದು ಆಟ. ಅವಳಿಗೆ ನಿಜವಾಗಿಯೂ ಎಂಟೂವರೆ ಆಗಿದ್ದರಿಂದ ತಪ್ಪು ಎಂದೂ ಅನ್ನಿಸಿರಲಿಲ್ಲ. ಬಸ್ಸಿನಲ್ಲಿ ಅವಳು ಬಗ್ಗುತ್ತಿದ್ದದ್ದು ನಿಜವನ್ನು ನಂಬಿಸಲು. ನಾನು ಆಮೇಲೆ ಬಗ್ಗಿಸಿದ್ದು —

ಇರಲಿ, ಕ್ರಮವಾಗಿ ಹೇಳುತ್ತೇನೆ.

ಹುಬ್ಬಳ್ಳಿ ಕಡೆ ಮಕ್ಕಳ ಆಟದ ದೊಡ್ಡ ಪಾರ್ಕು ಆಗಿದೆ ಎಂದು ಸಾಲಿಯಲ್ಲಿ ಯಾರೋ ಹೇಳಿ, ಮೂವರೂ ಊಟ ಬಿಡುವಷ್ಟು ಹಟ ಹಿಡಿದರು. ಲಗ್ನದ ಹಂಗಾಮು, ಶಾಂತಕ್ಕನ ಮುಂದೆ ಜಂಪರ್ ಬಟ್ಟೆಯ ಗುಡ್ಡೆ. ಅವರು ಬರಲಾಗಲಿಲ್ಲ. ಆದರೆ ರಾತ್ರಿ ಕುಳಿತು ಮಗಳಿಗೆ ಗಿಣಿ ಹಸಿರಿನ ಹೊಸ ಪರಕಾರ ಹೊಲಿದರು, ಹಿಮ್ಮಡಿಗೆ ಸರಿಯಾಗಿ. ಬೆಳಿಗ್ಗೆ ಅದನ್ನು ತೊಡಿಸಿ ಕಟ್ಟೆಯ ಮೇಲೆ ನಿಲ್ಲಿಸಿ ನನ್ನ ಕಡೆ ತಿರುಗಿದರು. “ನಿನ್ನ ಕೈಯಾಗ ಕೊಟ್ಟೇನಿ ನೋಡ ಶೈಲಾ. ನಿನ್ನ ಮಗಳ ಅಂತ ತಿಳಕೊಂಡು ಕರಕೊಂಡು ಹೋಗು.”

ಬೈಲಹೊಂಗಲದಿಂದ ಕಿತ್ತೂರು, ಅಲ್ಲಿ ಬಸ್ಸು ಬದಲಿಸಿ ಮುಂದೆ. ಎರಡೂ ಬಸ್ಸಿನಲ್ಲಿ ಭಾಗ್ಯಾ ಬಗ್ಗಿದಳು, ಎರಡೂ ಸಲ ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ಯಾವ ಮಗುವಿಗೆ ಯಾವ ಆಟ ಎಂದು ಆರಿಸುವ ಕೆಲಸ ನನ್ನದು. ಓದಿದವಳು ಎಂದು ಮನೆಯಲ್ಲಿ ಇಂಥವೆಲ್ಲ ನನಗೇ ಬರುತ್ತವೆ. ಬಾಗಿಲ ಬಳಿಯ ಫಲಕದ ಮುಂದೆ ನಿಂತು ನಾನು ವಯಸ್ಸಿನ ಲೆಕ್ಕದಲ್ಲೇ ಹಂಚಿದೆ: ಶಿವುಗೆ ತಿರುಗುವ ಕುದುರೆ, ಭಾಗ್ಯಾಗೆ ಪುಟ್ಟ ರೈಲು, ಪೂಜಾಗೆ ದೊಡ್ಡ ಹಡಗು. ನಮ್ಮ ಮನೆಯಲ್ಲಿ ಎಲ್ಲವೂ ಹೀಗೆಯೇ. ಎಣ್ಣೆ ನೀರು ಮೊದಲು ಹಿರಿಯ ಮಗುವಿಗೆ, ಹೋಳಿಗೆ ಮೊದಲು ಹಿರಿಯ ಮಗುವಿಗೆ. ಹಿರಿಯದು ಎಂದರೆ ಮೊದಲು ಹುಟ್ಟಿದ್ದು. ಬೇರೆ ಅರ್ಥ ಇರಬಹುದು ಎಂದು ಹೊಳೆದೇ ಇರಲಿಲ್ಲ.

ಕುದುರೆಯದು ಸುಲಭವಾಯಿತು. ಸುಲಭ ಎಂದರೆ ಹತ್ತಿಸುವುದು, ಇಳಿಸುವುದಲ್ಲ. ಶಿವು ಬಿಳಿ ಕುದುರೆಯ ಕೊರಳು ತಬ್ಬಿಕೊಂಡು “ಇದನ್ನ ಮನಿಗೆ ಒಯ್ಯೂಣು” ಎಂದು ಕೂಗುತ್ತ ನಾಲ್ಕು ಸುತ್ತು ಹೆಚ್ಚಿಗೆ ತಿರುಗಿದ. ಕೊನೆಗೆ ಆಯಿ ಅವನ ಕಿವಿಯಲ್ಲಿ “ಮೇವು ಯಾರು ಹಾಕತಾರ, ನೀ ಹಾಕತೀ ಏನ?” ಎಂದ ಮೇಲೆ ಯೋಚಿಸಿ ಇಳಿದ.

ಆಮೇಲೆ ಹಡಗು. ಕಬ್ಬಿಣದ ಕಂಬಗಳ ನಡುವೆ ತೂಗುವ ಹಡಗು, ಒಂದು ತುದಿ ಆಕಾಶಕ್ಕೆ ಹೋದರೆ ಇನ್ನೊಂದು ನೆಲಕ್ಕೆ. ಅದರ ಮುಂದೆ ಒಂದು ಕಂಬ, ಕಂಬದ ಮೇಲೊಂದು ಕೆಂಪು ಗೆರೆ. ಸೀಟಿ ಕೊರಳಿಗೆ ಹಾಕಿಕೊಂಡ ಹುಡುಗ ಹೇಳಿದ: “ಗೆರಿ ಮುಟ್ಟಿದ್ರ ಹಡಗು. ಇಲ್ಲಾಂದ್ರ ರೈಲು. ವಯಸ್ಸು ಕೇಳಂಗಿಲ್ರಿ.”

ಪೂಜಾ ನಿಂತಳು. ಗೆರೆ ಅವಳ ತಲೆಯ ಮೇಲೆ ನಾಲ್ಕು ಬೆರಳು ಉಳಿಯಿತು. ಹಿಮ್ಮಡಿ ಎತ್ತಿದಳು, ಹುಡುಗ ಮೆಲ್ಲಗೆ ಇಳಿಸಿದ. ಸಾಲಿಯಲ್ಲಿ ಅವಳನ್ನು ‘ಗಿಡ್ಡಿ’ ಎಂದು ಕರೆಯುತ್ತಿದ್ದರು. ಅದನ್ನು ಅವಳು ಒಂದೇ ಸಲ, ಹಾಸಿಗೆಯಲ್ಲಿ ಮಲಗಿ ಗೋಡೆ ಕಡೆ ಮುಖ ಮಾಡಿ ನನಗೆ ಹೇಳಿದ್ದಳು. ಈಗ ಅವಳ ಕೆಳತುಟಿ ನಡುಗಿತು. ಹಿಂದೆ ಭಾಗ್ಯಾ ನಿಂತಿದ್ದಳು, ತನ್ನ ಸರದಿಗೆ. ಅವಳು ಗೆರೆ ಮುಟ್ಟುತ್ತಾಳೆ ಎಂದು ನನಗೆ ಕಂಡಿತು, ಕಿರಿಯವಳು ಹಡಗಿಗೆ, ಹಿರಿಯವಳು ತಮ್ಮನ ಜೊತೆ ರೈಲಿಗೆ —

ಭಾಗ್ಯಾ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು; ಹುಡುಗ ಇನ್ನೂ ಪೂಜಾಳನ್ನು ಪಕ್ಕಕ್ಕೆ ಸರಿಸುತ್ತಿದ್ದ. ನನ್ನ ಕೈ ಹೋಯಿತು. ‘ಹೋಯಿತು’ ಎಂದು ಬರೆದೆ ನೋಡಿ. ಕೈ ತಾನೇ ಹೋದ ಹಾಗೆ! ನಾನು ಇಟ್ಟೆ. ಎರಡು ಬೆರಳು, ಹಗುರವಾಗಿ. ಅವಳು ಒಮ್ಮೆ ನನ್ನನ್ನು ನೋಡಿದಳು. ಬಸ್ಸಿನ ನಗು ಆ ಮುಖದಲ್ಲಿ ಇತ್ತೋ ಇಲ್ಲವೋ ನೆನಪಿಲ್ಲ, ಅಥವಾ ನೆನಪು ಕೊಡುತ್ತಿಲ್ಲ. ನೀರಾಟ ಮುಗಿಸಿ ಬಂದ ಮಕ್ಕಳಿಂದ ಅಲ್ಲಿ ನೆಲವೆಲ್ಲ ಕೆಸರಾಗಿತ್ತು. ಹಸಿರು ಪರಕಾರದ ಅಂಚು ಕೆಸರಿಗೆ ಮುಟ್ಟಿತು.

“ಈಕೀನೂ ಇಲ್ರಿ,” ಎಂದ ಹುಡುಗ.

ಪೂಜಾ ಕಣ್ಣೊರೆಸಿಕೊಂಡಳು. ಬೆರಳು ಅವಳಿಗೆ ಕಂಡಿರಲಿಲ್ಲ; ತನಗಿಂತ ಎತ್ತರದವಳೂ ಫೇಲಾದದ್ದೇ ಅವಳಿಗೆ ಸಾಕಾಗಿತ್ತು. “ನೀನೂ ಗಿಡ್ಡೀ ಏನ?” ಎಂದು ಕೂಗಿ ಭಾಗ್ಯಾಳನ್ನು ತಬ್ಬಿಕೊಂಡಳು. ಇಬ್ಬರೂ ಶಿವುನನ್ನು ನಡುವೆ ಹಿಡಿದುಕೊಂಡು ರೈಲಿಗೆ ಓಡಿದರು.

ಅಷ್ಟರಲ್ಲಿ ನನ್ನ ಹಿಂದೆ ಆಯಿ ಇರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. “ವಯಸ್ಸು ಕೇಳಂಗಿಲ್ಲಂದ್ಯಲ್ಲಪಾ? ಹಂಗಾರ ನನ್ನ ಅಳಿ.”

ಹುಡುಗ ಗಾಬರಿಯಾದ. “ಆಯೀ, ಬಿ.ಪಿ. ಗಿ.ಪಿ. ಐತೇನ್ರಿ?”

“ಬಿ.ಪಿ. ನನ್ನ ಮಕ್ಕಳಿಗೈತಿ. ನನಗೇನೈತಿ?”

ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಆಯಿ ಹಡಗಿನ ತುದಿಯ ಸೀಟಿಗೇ ಹೋಗಿ ಕುಳಿತರು. ಹಡಗು ಮೇಲೆ ಹೋದಾಗ ಕಾಲೇಜು ಹುಡುಗರು ಕಣ್ಣು ಮುಚ್ಚಿಕೊಂಡರು, ಆಯಿ ಮಾತ್ರ “ಇನ್ನೂ ಜೋರ್ ಬಿಡೋ, ಉಂಡಿಲ್ಲೇನ?” ಎಂದು ಕೂಗುತ್ತಿದ್ದರು. ಕೆಳಗೆ ರೈಲು ಸುತ್ತುತ್ತಿತ್ತು. ಅದು ನಾನಿದ್ದ ಕಡೆ ಬಂದಾಗಲೆಲ್ಲ ಮೂರು ಮಕ್ಕಳೂ ಕೈ ಬೀಸಿ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಭಾಗ್ಯಾ. ಅಷ್ಟು ಸುಖದ ದಿನ ನಮ್ಮ ಮನೆಯಲ್ಲಿ ಹೆಚ್ಚಿಲ್ಲ. ಆ ನಗು ಕೇಳಿ ತಪ್ಪು ಮಾಡಿದೆ ಎನಿಸಲಿಲ್ಲ; ಒಳ್ಳೆಯದು ಮಾಡಿದೆ ಎನಿಸಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಸಂಜೆ ಮನೆಗೆ ಬಂದಾಗ ಶಾಂತಕ್ಕ ಮಗಳನ್ನು ಕಟ್ಟೆಯ ಮೇಲೆ ನಿಲ್ಲಿಸಿಕೊಂಡು ಪರಕಾರದ ಅಂಚು ನೋಡಿದರು. ಸುತ್ತಲೂ ಕೆಂಪು ಕೆಸರು ಒಣಗಿತ್ತು. “ಅಂಚೆಲ್ಲಾ ನೆಲಾ ಬಳದೇತಿ. ಉದ್ದ ಹೊಲದೀನಿ ಕಾಣಸ್ತೈತಿ,” ಎಂದರು. ಮತ್ತೆ ಮತ್ತೆ ಟೇಪು ಹಿಡಿದರು. “ಅಳತಿ ನಂದ ತಪ್ಪೇತಿ ಬಿಡು.” ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಎರಡು ಬೆರಳು ಮಡಚಿ, ಮತ್ತೆ ಹೊಲಿದರು. ನಾನು ಚಹಾದ ಕಪ್ಪು ಹಿಡಿದು ಅಲ್ಲೇ ನಿಂತಿದ್ದೆ. ಎರಡೇ ಬೆರಳು! ಬಾಯಿ ಬಿಡಬಹುದಿತ್ತು. ದೀಪಾವಳಿಗೆ ಆ ಪರಕಾರ ಹಿಮ್ಮಡಿಯ ಮೇಲೆ ನಿಂತಿತು, ಭಾಗ್ಯಾ ಅದನ್ನು ತೊಡಲಿಲ್ಲ.

ಆ ದಿನ ಮನೆಯಲ್ಲಿ ಕಥೆಯಾಯಿತು. ಬೀಗರು ಬಂದಾಗಲೆಲ್ಲ ಪೂಜಾ “ನಾವಿಬ್ರೂ ಗಿಡ್ಡಿ, ಆಯಿ ಅಷ್ಟ ಪಾಸ್” ಎಂದು ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಈಗ ಭಾಗ್ಯಾ ಧಾರವಾಡದ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಾಳೆ. ಟ್ಯೂಬ್‌ಲೈಟ್ ಹೋದರೆ ನಮ್ಮ ಮನೆಯಲ್ಲಿ ಸ್ಟೂಲು ಹುಡುಕುವುದಿಲ್ಲ, ಅವಳು ಊರಿಗೆ ಬರುವುದನ್ನು ಕಾಯುತ್ತೇವೆ. ಹೋದ ರವಿವಾರ ಅವಳೇ ಹೊರಡಿಸಿದಳು: “ಕಾಕು, ಪಾರ್ಕಿಗೆ ಹೋಗೂಣ್ರಿ ಮತ್ತ. ಶಿವು ಈಗ ಕುದುರಿ ಮ್ಯಾಲೆ ಕುಂತ್ರ ಕುದುರಿ ಮುರೀತೈತಿ.” ಮತ್ತೆ ಲಗ್ನದ ಹಂಗಾಮು, ಮತ್ತೆ ಶಾಂತಕ್ಕ ಮಶಿನ್ನಿನ ಮುಂದೆ. ಆಯಿಗೆ ಈಗ ಮೊಣಕಾಲು ನೋವು; ಬಾಗಿಲಲ್ಲಿ ಕುಳಿತು “ಹಡಗ ಇನ್ನೂ ಐತೇನ ನೋಡಿ ಬರ್ರಿ” ಎಂದರು. ಬಸ್ಸಿನಲ್ಲಿ ಈಗ ಹೆಣ್ಣುಮಕ್ಕಳಿಗೆ ದುಡ್ಡು ಕೇಳುವುದೇ ಇಲ್ಲ. ಬಗ್ಗುವ ಕಾರಣವೂ ಉಳಿದಿಲ್ಲ.

ಕಂಬ ಅಲ್ಲೇ ಇತ್ತು. ಗೆರೆಗೆ ಹೊಸ ಬಣ್ಣ. ಭಾಗ್ಯಾ ಪಕ್ಕದಲ್ಲಿ ನಿಂತಳು, ಗೆರೆ ಅವಳ ಭುಜದ ಹತ್ತಿರ ಬಂತು. ಅವಳ ಹೆಗಲ ಮೇಲೆ ಒಂದು ಒಣ ಎಲೆ ಬಿದ್ದಿತ್ತು. ತೆಗೆಯಲು ಕೈ ಎತ್ತಿದೆ, ಬೆರಳು ತಾಗಿತು. ತಾಗಿದ್ದೇ ತಡ, ಅವಳು ಮೊಣಕಾಲು ಬಗ್ಗಿಸಿ ನನ್ನ ಎತ್ತರಕ್ಕೆ ಇಳಿದಳು. ಈಗ ಜೀನ್ಸು, ಬಗ್ಗಿದ್ದು ಎಲ್ಲರಿಗೂ ಕಂಡಿತು.

“ಇವತ್ತೂ ಬಗ್ಗಲೇನ್ರಿ ಕಾಕು?”

ನಗುತ್ತಲೇ ಕೇಳಿದಳು. ಅವಳು ನನ್ನ ಕೈ ಹಿಡಿದು ಹಡಗಿಗೆ ಹತ್ತಿಸಿಬಿಟ್ಟಳು, ಆಯಿ ಕುಳಿತಿದ್ದ ತುದಿಗೆ. ಹಡಗು ಏರಿತು. ನಮ್ಮ ತುದಿ ಆಕಾಶಕ್ಕೆ ಹೋಗಿ ಎಲ್ಲರೂ ಕಿರುಚುತ್ತಿರುವಾಗ ನಾನು ಹೇಳಿದೆ: “ತಪ್ಪಾತು ಭಾಗ್ಯಾ.”

“ಏನ್ರಿ? ಕೇಳವಲ್ದು!”

ಕೇಳದ ಜಾಗ ನೋಡಿಯೇ ಹೇಳಿದ್ದೆನೋ ಏನೋ. ಅದೂ ಒಂದು ಅರ್ಧ ಟಿಕೇಟು. ಕೆಳಗಿಳಿದ ಮೇಲೆ “ಏನಂದ್ರಿ?” ಎಂದು ಅವಳು ಮತ್ತೆ ಕೇಳಿದಳು. “ಏನಿಲ್ಲ” ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಚುರಮುರಿ ತಿನ್ನುತ್ತ ಪೂಜಾ ಪಕ್ಕದಲ್ಲೇ ಇದ್ದಳು. ಇಬ್ಬರಿಗೂ ಕೇಳುವ ಹಾಗೆ ಹೇಳಿದೆ — ನೀನು ಗೆರೆ ಮುಟ್ಟುತ್ತಿದ್ದೆ, ನಾನು ಬೇಕೆಂದೇ ಬೆರಳು ಇಟ್ಟೆ, ಪೂಜಾ ಅಳಬಾರದೆಂದು.

“ಗೊತ್ತೈತ್ರಿ,” ಎಂದಳು ಭಾಗ್ಯಾ. “ಬಗ್ಗೂ ಮೊದಲ ಗೆರಿ ನನ್ನ ಕಿವಿ ಹತ್ರ ಇತ್ತಲ್ಲ.”

“ಮತ್ತ ಅಷ್ಟು ನಕ್ಕಿಯಲ್ಲ ರೈಲಿನ್ಯಾಗ?”

“ನಕ್ಕೆ. ಖರೇನ ನಕ್ಕೆ. ರೈಲು ಆ ಕಡೆ ಹೊಳ್ಳಿದಾಗ ಹಡಗು ಕಾಣತಿತ್ರಿ. ಅಲ್ಲಿ ನಗತಿರಲಿಲ್ಲ. ನೀವು ಈ ಕಡೆ ನಿಂತಿದ್ರಿ.”

ಹತ್ತು ವರ್ಷ ನಾನು ಒಂದೇ ಕಡೆ ನಿಂತು ಆ ರೈಲನ್ನು ನೆನೆದಿದ್ದೆ.

ಪೂಜಾ ಚುರಮುರಿ ಕೆಳಗಿಟ್ಟಳು. “ಅವ್ವಾ, ಅತ್ತಿದ್ರ ಅತ್ತು ಸುಮ್ಮನಾಗತಿದ್ನಲ್ಲ.”

“ನೀ ಸುಮ್ಮನಾಗಾಕೀ? ಬೈಲಹೊಂಗಲ ಬರೂತನಕ ಅಳತಿದ್ದಿ!” ಭಾಗ್ಯಾ ಅವಳ ಜಡೆ ಎಳೆದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ನಗೆಯೊಳಗೆ ನುಸುಳಿಕೊಂಡು ಪಾರಾಗಿಬಿಡೋಣ ಎನಿಸಿತು. ಆಗ ಭಾಗ್ಯಾ, ಪೂಜಾಳ ಚುರಮುರಿಗೆ ಕೈ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು: “ಹಡಗಿಂದು ಬಿಡ್ರಿ. ಅವ್ವ ಕುಂತು ಆ ಪರಕಾರ ಬಿಚ್ಚಿದ್ಲಲ್ಲ, ಅದೊಂದಕ್ಕ ನನಗ ಭಾಳ ಸಿಟ್ಟು ಬಂದಿತ್ತು.”

ನಾನು ತಲೆಯಾಡಿಸಿದೆ. ಹುಡುಗಿಯರು ಶಿವುನನ್ನು ಎಳೆದುಕೊಂಡು, ಮೂವರೂ ಸಾಲಾಗಿ, ಪುಟ್ಟ ರೈಲಿಗೆ ಹೋದರು. ಅದರ ಹುಡುಗ “ಇದು ಸಣ್ಣವರದ್ರಿ” ಎಂದರೂ ಬಿಡಲಿಲ್ಲ. ಈ ಸಲ ನಾನು ಆ ಕಡೆ ಹೋಗಿ ನಿಂತೆ.

ಇದಾಗಿ ನಾಲ್ಕು ದಿನ. ಬಂದ ಕೂಡಲೇ ಶಾಂತಕ್ಕನಿಗೆ ಹೇಳಬೇಕಿತ್ತು; ಆಯಿಗೆ ಹಡಗಿನ ವರದಿ ಒಪ್ಪಿಸಿದೆ, ಅಡುಗೆ ಮಾಡಿದೆ, ಇದನ್ನು ಬರೆಯಲು ಕುಳಿತೆ. ಬರೆಯುವುದೂ ತಪ್ಪಿಸಿಕೊಳ್ಳುವ ಒಂದು ದಾರಿಯೇ. ಶಾಂತಕ್ಕ ಕೇಳುತ್ತಾರೆ, ಯಾಕ ಶೈಲಾ? ಮಗಳ ಕಣ್ಣೀರು ನೋಡಲಾಗಲಿಲ್ಲ ಎನ್ನಬಹುದು. ಆದರೆ ‘ನಿನ್ನ ಮಗಳ ಅಂತ ತಿಳಕೊ’ ಎಂದು ಅವರು ಕೊಟ್ಟಿದ್ದರಲ್ಲ. ಹಾಗೆ ತಿಳಿದಿದ್ದರೆ ಅವತ್ತು ಅಲ್ಲಿ ನನಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಳನ್ನೇ ಎಣಿಸಿದೆ.

ಮುಂದಿನ ಖೋಲಿಯಲ್ಲಿ ಮಶಿನ್ನಿನ ಸದ್ದು ನಿಂತಿದೆ. ದಾರ ಬದಲಿಸುತ್ತಿರಬೇಕು. ಉಳಿದದ್ದೆಲ್ಲ ಆಮೇಲೆ, ಮೊದಲು ಒಂದೇ ಮಾತು — ಶಾಂತಕ್ಕಾ, ಅವತ್ತು ನಿಮ್ಮ ಅಳತಿ ತಪ್ಪಿರಲಿಲ್ರಿ.

ಏಳುತ್ತೇನೆ.