ನಿಲ್ದಾಣದ ಕಾರ್ಡು

ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಆಸಾಮಿಗೆ ಜನ ಇಟ್ಟ ಹೆಸರು ‘ಎರಡು ಬೀಗ’. ಸುಮ್ಮನೆ ಇಟ್ಟದ್ದಲ್ಲ. ಅಂಗಡಿಗೆ ಎರಡು ಬೀಗ, ಮನೆಗೆ ಎರಡು, ಸೈಕಲ್ಲಿಗೂ ಎರಡು. ಊಟದ ಡಬ್ಬಿಗೂ ಒಂದು ಪುಟಾಣಿ ಬೀಗ ಜಡಿದಿದ್ದ. ಅದರ ಕೀಲಿ ಮರೆತು ಬಂದ ದಿನ ತನ್ನ ಡಬ್ಬಿಯನ್ನು ತಾನೇ ಕಳ್ಳನ ಹಾಗೆ ತಂತಿ ಹಾಕಿ ತೆರೆದು ಉಂಡಿದ್ದ.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಎಂಥ ಹಟಮಾರಿ ಬೀಗವಾದರೂ ಬಗ್ಗಿಸಿದ ತಂತಿ ತೂರಿಸಿ, ಕಣ್ಣು ಮುಚ್ಚಿಕೊಂಡು, ಎರಡು ನಿಮಿಷದಲ್ಲಿ ತೆರೆಯುತ್ತಿದ್ದ. ತೆರೆದ ಮೇಲೆ ಜೇಬಿನ ಪುಟ್ಟ ಬಾಟಲಿಯಿಂದ ಅದಕ್ಕೆ ಎರಡು ತೊಟ್ಟು ಎಣ್ಣೆ ಬಿಡುವುದು. ಗಿರಾಕಿ ಕೇಳಲಿ ಬಿಡಲಿ, ಎಣ್ಣೆ ಬೀಳಲೇಬೇಕು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಅವನ ಕೈ ಅವನನ್ನು ಕೇಳುತ್ತಲೂ ಇರಲಿಲ್ಲ.

ಇಂಥವನಿಗೆ ಇದ್ದ ಹುಚ್ಚು ಒಂದೇ, ಭಾನುವಾರದ ಆಟ. ಆಡುವುದು ಅಕ್ಕನ ಗಂಡನ ಜೊತೆ. ಭಾವ ಪುಸ್ತಕಗಳಿಗೆ ಬೈಂಡಿಂಗ್ ಹಾಕುವವರು. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಕೋಣೆಯ ಮೇಜಿಗೆ ಕಪ್ಪು ಬಟ್ಟೆ ಹಾಸಿದರೆ ಅದೇ ಬಾಹ್ಯಾಕಾಶ. ಅದರ ಮೇಲೆ ಹೆಬ್ಬೆರಳುದ್ದದ ಹಡಗುಗಳು, ಇಬ್ಬರಿಗೂ ಒಂದೊಂದು ಪಡೆ. ಅಳತೆಪಟ್ಟಿ ಹಿಡಿದು ಹಡಗು ಸರಿಸಬೇಕು, ದಾಳ ಉರುಳಿಸಿ ಗುಂಡು ಹಾರಿಸಬೇಕು. ಆದರೆ ಏನು ಮಾಡಿದರೆ ಗೆಲುವು ಎಂಬುದು ಆಟಕ್ಕೆ ಮೊದಲೇ ತೀರ್ಮಾನವಾಗಬೇಕು. ಒಬ್ಬ ಬೇರೆ ಬೇರೆ ಗುರಿಯ ಮೂರು ಕಾರ್ಡು ಮುಂದಿಡುತ್ತಾನೆ, ಇನ್ನೊಬ್ಬ ಅದರಲ್ಲೊಂದನ್ನು ಆರಿಸುತ್ತಾನೆ.

ಆರಿಸುವ ಹಕ್ಕನ್ನು ಭಾವ ಪ್ರತಿ ವಾರವೂ ಇವನಿಗೇ ಬಿಟ್ಟುಕೊಡುತ್ತಿದ್ದರು. ಇವನ ತಲೆಗೆ ಮೊದಲ ಹುಳ ಹೊಕ್ಕಿದ್ದು ಅಲ್ಲೇ. ಬಿಟ್ಟಿಯಾಗಿ ಯಾರು ಯಾರಿಗೆ ಏನು ಕೊಡುತ್ತಾರೆ?

ಎರಡನೆಯ ಹುಳ ಕಾರ್ಡುಗಳದು. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಭಾವ ಇಟ್ಟದ್ದು ಅವೇ ಮೂರು ಕಾರ್ಡು. ಒಂದು ಬೇಟೆ: ಎದುರಾಳಿಯ ನಾಯಕ ಹಡಗನ್ನು ಹೊಡೆದವನು ಗೆದ್ದ, ಆಟ ಅಲ್ಲಿಗೆ ಮುಗಿಯಿತು. ಇನ್ನೊಂದು ಓಟ: ಮೂರು ಹಡಗನ್ನು ಆಚೆಯ ಅಂಚಿಗೆ ಮೊದಲು ಮುಟ್ಟಿಸಿದವನು ಗೆದ್ದ. ಮತ್ತೊಂದು ನಿಲ್ದಾಣ: ಮೇಜಿನ ನಡುವಿನ ನಿಲ್ದಾಣದ ಪಕ್ಕ ಯಾರ ಹಡಗುಗಳು ಹೆಚ್ಚಿರುತ್ತವೋ ಅವರಿಗೆ ಸುತ್ತಿಗೊಂದು ಅಂಕ. ಅದರಲ್ಲಿ ಮಾತ್ರ ಆರು ಸುತ್ತೂ ಆಡಲೇಬೇಕು.

ಇವನ ಹಡಗುಗಳೋ ದಪ್ಪ ಚರ್ಮದ ಸೋಮಾರಿಗಳು. ಒಂದು ಕಡೆ ಬೇರು ಬಿಟ್ಟರೆ ಯಾರಪ್ಪನಿಗೂ ಅಲುಗುವವಲ್ಲ. ನಿಲ್ದಾಣದ ಕಾರ್ಡು ಇವನಿಗೆಂದೇ ಹೇಳಿ ಮಾಡಿಸಿದಂತಿತ್ತು. ಭಾವನ ಹಡಗುಗಳು ಚುರುಕು, ಓಟಕ್ಕೂ ಸೈ, ಬೇಟೆಗೂ ಸೈ. ಅಂದಮೇಲೆ ತನ್ನ ಸೋಲನ್ನು ತಾನೇ ತಟ್ಟೆಯಲ್ಲಿಟ್ಟು ಮುಂದೆ ತಳ್ಳುವ ಮನುಷ್ಯನ ಹೊಟ್ಟೆಯೊಳಗೆ ಏನಿರಬೇಕು? ಏನೋ ಮಸಲತ್ತು. ಹೀಗೆಂದುಕೊಂಡು ಇವನು ಆ ಕಾರ್ಡನ್ನು ಮುಟ್ಟಲೇ ಇಲ್ಲ. ಬೇಟೆ ಆರಿಸಿದ, ಸೋತ. ಓಟ ಆರಿಸಿದ, ಸೋತ. ಮೂರನೆಯ ಸುತ್ತಿಗೆ ಆಟ ಮುಗಿಸಿ, ಮುಖ ಊದಿಸಿಕೊಂಡು ನಾಲ್ಕು ಗಂಟೆಗೆಲ್ಲ ಮನೆ ಸೇರುತ್ತಿದ್ದ.

“ಗೆಲ್ಲೋ ಕಾರ್ಡು ಬಿಟ್ಟು ಸೋಲೋದನ್ನೇ ಯಾಕ್ರೀ ಆರಿಸ್ತೀರಾ?” ಎಂದಳು ಹೆಂಡತಿ.

“ನಿಂಗೊತ್ತಿಲ್ಲ, ಸುಮ್ನಿರು. ಅದು ಬೋನು. ಒಳಗಿಟ್ಟಿರೋ ಕೊಬ್ಬರಿ ತುಂಡು ಕಾಣ್ತಿದೆ, ಬಾಗಿಲು ಎಲ್ಲಿದೆ ಅಂತ ಕಾಣ್ತಿಲ್ಲ.”

“ಅಣ್ಣ ಜನ್ಮದಲ್ಲಿ ಒಂದು ಇಲಿ ಹಿಡಿದೋರಲ್ಲ, ನಿಮಗೆ ಬೋನು ಇಡ್ತಾರಾ?” ಭಾವನನ್ನು ಅವಳು ಅಣ್ಣ ಎಂದೇ ಕರೆಯುವುದು.

ಅವಳಿಗೆ ಪೆಟ್ಟಿಗೆಯ ವಿಷಯ ಗೊತ್ತಿರಲಿಲ್ಲ. ಆಟ ಮುಗಿದೊಡನೆ ಭಾವ ತಾವೇ ಹೊಲಿದ ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಗೀಚಿ, ಕಾರ್ಡುಗಳ ಜೊತೆ ಮರದ ಪೆಟ್ಟಿಗೆಗೆ ಹಾಕಿ ಬೀಗ ಒತ್ತುತ್ತಿದ್ದರು. ಆ ಬೀಗ ಇವನೇ ಬಲವಂತ ಮಾಡಿ ಕೊಟ್ಟದ್ದು. ತುಕ್ಕು ಹಿಡಿದು, ಕೀಲಿ ತಿರುಗಿಸಿದಾಗಲೆಲ್ಲ ಕಿರ್ರೆನ್ನುತ್ತಿತ್ತು.

“ನನ್ನ ಬೆರಳು ಮುರಿದೇ ಹೋಗುತ್ತೆ ಕಣೋ, ಒಂದು ತೊಟ್ಟು ಎಣ್ಣೆ ಬಿಡೋ,” ಎನ್ನುತ್ತಿದ್ದರು ಭಾವ.

“ಭಾನುವಾರ ನಾನು ಕೆಲಸ ಮಾಡಲ್ಲ ಭಾವ,” ಎನ್ನುತ್ತಿದ್ದ ಇವನು. ಸೋತವನ ಸಿಟ್ಟು.

ಆ ನೋಟ್‌ಬುಕ್ಕಿನಲ್ಲಿ ತನ್ನ ಒಂದೊಂದು ದೌರ್ಬಲ್ಯವನ್ನೂ ಬರೆದಿಟ್ಟು ಭಾವ ವಾರವಿಡೀ ಅಭ್ಯಾಸ ಮಾಡುತ್ತಾರೆ ಎಂದು ಇವನಿಗೆ ಖಾತ್ರಿಯಾಯಿತು. ಹಾಗೇನಾದರೂ ಇದ್ದರೆ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಶಪಥವನ್ನೂ ಮಾಡಿಕೊಂಡ. ಮಾಡಿಕೊಂಡ ಮೇಲೆ ಎದೆ ಭಾರವಾಯಿತು. ಅಕ್ಕ ಹೋದ ಮೇಲೆ ಆ ಮನೆಗೂ ಇವನಿಗೂ ನಡುವೆ ಉಳಿದಿದ್ದುದು ಈ ಆಟವೊಂದೇ.

ಮುಂದಿನ ಭಾನುವಾರ ಬಟ್ಟೆ ಹಾಸಿ ಹಡಗು ಹೊರತೆಗೆಯುವಷ್ಟರಲ್ಲಿ ಕೆಳಗಿನಿಂದ ಗಿರಾಕಿಯೊಬ್ಬ ಕೂಗಿದ. “ಹಡಗು ಜೋಡಿಸ್ತಿರು, ಬಂದೆ,” ಎಂದು ಭಾವ ಇಳಿದು ಹೋದರು.

ತಂತಿ ಜೇಬಿನಲ್ಲೇ ಇತ್ತು. ಬೀಗ ಒಂದು ನಿಮಿಷವೂ ತಡೆಯಲಿಲ್ಲ. ನೋಟ್‌ಬುಕ್ಕು ತೆರೆದ.

‘ಬೇಟೆ. ಮೂರು ಸುತ್ತು. ನಾಲ್ಕಕ್ಕೆ ಮುಂಚೆಯೇ ಹೋದ.’

‘ಓಟ. ಮೂರು ಸುತ್ತು. ಟೀಗೂ ನಿಲ್ಲಲಿಲ್ಲ.’

‘ಓಟ. ಎರಡೇ ಸುತ್ತು.’

ಪುಟ ಮಗುಚಿದ, ಇನ್ನೊಂದು ಮಗುಚಿದ. ಹಡಗುಗಳ ಮಾತೇ ಇಲ್ಲ. ತನ್ನ ದೌರ್ಬಲ್ಯವೂ ಇಲ್ಲ, ಭಾವನ ಉಪಾಯವೂ ಇಲ್ಲ. ಮೊದಲ ಪುಟದಲ್ಲಿ, ಅಕ್ಕ ಇನ್ನೂ ಇದ್ದ ಕಾಲದ ಒಂದು ಭಾನುವಾರ: ‘ನಿಲ್ದಾಣ. ಆರು ಸುತ್ತು. ಅವನೇ ಗೆದ್ದ. ಕುಣಿದಾಡಿಬಿಟ್ಟ. ರಾತ್ರಿ ಮೂವರೂ ಒಟ್ಟಿಗೆ ಊಟ.’ ಕೊನೆಯ ಪುಟದಲ್ಲಿ ಹೋದ ವಾರದ್ದು: ‘ಇವತ್ತೂ ನಿಲ್ದಾಣ ಆರಿಸಲಿಲ್ಲ.’

ಇವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ವರ್ಷ ಈ ಮನುಷ್ಯ ವಾರಕ್ಕೊಮ್ಮೆ ತನ್ನನ್ನು ಊಟಕ್ಕೆ ನಿಲ್ಲು ಎಂದು ಕರೆದಿದ್ದಾನೆ, ತಾನು ಅದರಲ್ಲಿ ಬೋನು ಹುಡುಕಿದ್ದೇನೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಗಾಬರಿಯಲ್ಲಿ ನೋಟ್‌ಬುಕ್ಕು ಒಳಗೆ ತುರುಕಿ, ಬೀಗ ಒತ್ತಿ, ಹಡಗುಗಳ ಮುಂದೆ ಸಾಧುವಿನಂತೆ ಕುಳಿತ.

ಭಾವ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು, ಎಂದಿನಂತೆ ಹಲ್ಲು ಕಚ್ಚಿ ಕೀಲಿ ತಿರುಗಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಗ ತೆರೆದುಕೊಂಡಿತು. ಕಿರ್ ಎನ್ನಲಿಲ್ಲ. ಭಾವನ ಕೈ ಅಲ್ಲೇ ನಿಂತಿತು. ಬೆರಳನ್ನು ಬೆರಳಿಗೆ ತಿಕ್ಕಿ, ಮೂಗಿನ ಬಳಿ ಹಿಡಿದರು.

ಇವನು ಜೇಬು ಮುಟ್ಟಿ ನೋಡಿಕೊಂಡ. ಎಣ್ಣೆ ಯಾವಾಗ ಬಿಟ್ಟೆ? ಬಾಟಲಿಯ ಮುಚ್ಚಳ ಇನ್ನೂ ಇವನ ಎಡ ಅಂಗೈಯಲ್ಲೇ ಇತ್ತು.

ಎದ್ದು ಹೋಗು ಎನ್ನುತ್ತಾರೆ ಎಂದು ಕಾದ. ಭಾವ ಮೂರು ಕಾರ್ಡು ಸಾಲಾಗಿ ಇಟ್ಟರು. ಇವನು ನಿಲ್ದಾಣದ ಮೇಲೆ ಬೆರಳಿಟ್ಟ.

“ಸರಿಯಾಗಿ ನೋಡ್ಕೊಂಡ್ಯೇನೋ? ಏನಾದ್ರೂ ಮೋಸ ಇದ್ದೀತು.”

“ಇಲ್ಲ ಭಾವ,” ಎಂದ.

ಆರು ಸುತ್ತೂ ಆಡಿದರು. ಇವನೇ ಗೆದ್ದ, ಕುಣಿಯಲಿಲ್ಲ. ದೀಪ ಹಾಕುವ ಹೊತ್ತಾಗಿತ್ತು. ಭಾವ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಪೆಟ್ಟಿಗೆಗೆ ಹಾಕಿ ಮುಚ್ಚಳ ಹಾಕಿದರು. ಬೀಗವನ್ನು ಮಾತ್ರ ಇವನ ಮುಂದೆ ಇಟ್ಟರು.

“ತಗೊಂಡು ಹೋಗು. ಇನ್ನು ಇದಕ್ಕೆ ಬೀಗ ಬೇಡ.” ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸುತ್ತ ಹೇಳಿದರು, “ಭಾನುವಾರ ಕೆಲಸ ಮಾಡಲ್ಲ ಅಂತಿದ್ದೆಯಲ್ಲೋ.”

ಇವನು ಬೀಗವನ್ನು ಜೇಬಿಗೆ ಇಳಿಸಿ, ಊಟಕ್ಕೆ ತಟ್ಟೆ ಇಡಲು ಎದ್ದ.