ಅಮಾವಾಸ್ಯೆಯ ದಿನ ಟೋಕಿಯೊ ಚಂದ್ರ

ಐರ್ಲೆಂಡಿನ ಡಬ್ಲಿನ್ ಪಕ್ಕದ ಸ್ಯಾಂಡಿಫರ್ಡಿನಲ್ಲಿರುವ ಕಾತ್ಯಾಯಿನಿಗೆ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಸಂಬಳದ ಕೆಲಸ. ತಾನೇ ಸುಳ್ಳು ಹೆಣೆಯಲು ಕೂತದ್ದು ಕೊರೋನಾ ಬಂದ ಮೇಲೆ.

ಮೈಸೂರಿನಲ್ಲಿರುವ ಅಪ್ಪ ವೆಂಕಟೇಶಮೂರ್ತಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಳೆಯ ಜಪಾನಿನಲ್ಲಿ ಮರದ ಅಚ್ಚೊತ್ತಿ ಮಾಡಿದ ಚಿತ್ರಗಳ ಕ್ಯಾಲೆಂಡರೊಂದು ಅವರ ನಡುಮನೆಯ ಗೋಡೆಯಿಂದ ವರ್ಷಗಳು ಕಳೆದರೂ ಇಳಿದಿರಲಿಲ್ಲ. ಮಳೆಯ ಸೇತುವೆ, ಹೂಬಿಟ್ಟ ಮರ, ನದಿಯ ಮೇಲಿನ ಚಂದ್ರ, ಫ್ಯೂಜಿ ಪರ್ವತ. ಆ ಜಾಗಗಳೆಲ್ಲ ಈಗಿನ ಟೋಕಿಯೊದಲ್ಲಿ ಏನಾಗಿವೆಯೋ ನೋಡಿಬಂದು ಹೇಳು ಎಂದು ಮಗಳಿಗೆ ದುಂಬಾಲು ಬಿದ್ದಿದ್ದರು. ಅವಳು ಟಿಕೆಟ್ ತೆಗೆಸಿದಳು. ಹೊರಡುವ ಹೊತ್ತಿಗೆ ವಿಮಾನವೇ ರದ್ದಾಯಿತು. ಮನೆಯಿಂದ ಹೊರಗೆ ಕಾಲಿಡಲಾಗದ ಅಪ್ಪನಿಗೆ ಇದೊಂದು ಆಸೆಯೂ ಹೋಯಿತೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಟೋಕಿಯೊಗೆ ಬಂದು ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ ಎಂದುಬಿಟ್ಟಳು.

ಆಮೇಲೆಲ್ಲ ಡಬ್ಲಿನ್ನೇ ಟೋಕಿಯೊ. ಲುವಾಸ್ ಟ್ರಾಮಿನ ಸೇತುವೆಯ ಫೋಟೋವನ್ನು ಮಳೆಯಲ್ಲಿ ತೆಗೆದು, ಬೋರ್ಡು ಕಾಣದಂತೆ ಕತ್ತರಿಸಿ ಕಳಿಸಿದಳು. ಜನವಿಲ್ಲದ ಆಫೀಸುಗಳ ಮುಂದಿನ ಚೆರ್ರಿ ಮರಕ್ಕೆ ಯಾವ ವೇಷವೂ ಬೇಕಾಗಲಿಲ್ಲ. ಅಪ್ಪ ಒಂದೊಂದನ್ನೂ ಹೊಗಳಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳಿಗೂ ಧೈರ್ಯ ಬಂತು. ಮೇ ತಿಂಗಳ ಒಂದು ಬೆಳಿಗ್ಗೆ, ನದಿಯ ಮೇಲೆ ಪೂರ್ಣಚಂದ್ರನಿದ್ದ ಹಳೆಯ ಫೋಟೋ ಒಂದನ್ನು ನಿನ್ನೆ ರಾತ್ರಿಯದೆಂದು ಕಳಿಸಿದಳು.

ಅಪ್ಪ ಕೂಡಲೇ ಫೋನ್ ಮಾಡಿದರು.

“ಈಗ ತಾನೇ ಅಮಾವಾಸ್ಯೆ ತರ್ಪಣ ಬಿಟ್ಟು ಎದ್ದೆ ಕಣೆ. ಜಪಾನಿನಲ್ಲಿ ನಿನ್ನೆ ಹುಣ್ಣಿಮೆನಾ?”

ಅವಳು ಏನೋ ಸಮಜಾಯಿಷಿ ಹೇಳಲು ಹೊರಟಳು, ಅವರು ಬಿಡಲಿಲ್ಲ. ಹೋದ ವರ್ಷ ಡಬ್ಲಿನ್ನಿಗೆ ಬಂದಿದ್ದಾಗ ಅದೇ ಸೇತುವೆಯ ಮೇಲೆ ತಾವೂ ಟ್ರಾಮಿನಲ್ಲಿ ಓಡಾಡಿದ್ದನ್ನು ನೆನಪಿಸಿದರು. ಮೊದಲ ಫೋಟೋದಲ್ಲೇ ಅವರಿಗೆ ಗುಟ್ಟು ತಿಳಿದಿತ್ತಂತೆ.

“ಮತ್ತೆ ಯಾಕಪ್ಪಾ ನೀವು ಹೇಳಲಿಲ್ಲ?”

“ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಬಾಗಿಲು ಹಾಕ್ಕೊಂಡು ಕೂತಿರೋ ನನಗೆ ಅದೊಂದೇ ತಿರುಗಾಟ.”

ಮಗಳು ಚಾಪೆ ಕೆಳಗೆ ತೂರಿದರೆ ಅಪ್ಪ ರಂಗೋಲಿ ಕೆಳಗೆ ತೂರುವ ಆಸಾಮಿ. ಆ ಫೋಟೋಗಳನ್ನೆಲ್ಲ ತಮ್ಮ ವಾಕಿಂಗ್ ಗೆಳೆಯರಿಗೆ ಕಳಿಸಿ, ಟೋಕಿಯೊ ಹೇಗೆ ಕೆಟ್ಟುಹೋಯಿತೆಂದು ಫೋನಿನಲ್ಲಿ ಉಪನ್ಯಾಸ ಬೇರೆ ಕೊಡುತ್ತಿದ್ದರು. ಅವರೆಲ್ಲ ಪಂಚಾಂಗ ನೋಡುವವರೇ. ಹಾಗಾಗಿ ಚಂದ್ರ ಹುಣ್ಣಿಮೆಯವರೆಗೆ ಕಾಯಲಿ, ಅಷ್ಟರಲ್ಲಿ ಫ್ಯೂಜಿ ಬರಲಿ ಎಂದು ಅಪ್ಪಣೆ ಕೊಟ್ಟು ಫೋನಿಟ್ಟರು.

ಕಾತ್ಯಾಯಿನಿ ಅಳು ನಗು ಎರಡನ್ನೂ ಒರೆಸಿಕೊಂಡು ಕೋಟು ಹಾಕಿಕೊಂಡಳು. ಆಗಿನ ಲಾಕ್‌ಡೌನ್ ನಿಯಮದಂತೆ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಅಷ್ಟರೊಳಗೇ ಒಂದು ಫ್ಯೂಜಿ ಪರ್ವತ ಹುಡುಕಬೇಕಿತ್ತು.